ಲೆಡ್ ಜೆಪ್ಪೆಲಿನ್ ಲೈವ್: 1973ರದ್ದು ಮೊದಲು ನೋಡಲಾ, 2007ರದ್ದಾ?

ತುಂಗಾತೀರ:
ಎಲ್ಲರಿಗೂ ನಮಸ್ಕಾರ. ಬ್ರಿಟಿಷ್ ರಾಕ್ ಬ್ಯಾಂಡ್ ಲೆಡ್ ಜೆಪ್ಪೆಲಿನ್‌ನ ಸ್ಟುಡಿಯೋ ಆಲ್ಬಮ್‌ಗಳನ್ನೆಲ್ಲ ಕೇಳಿದ್ದೇನೆ, ಲೈವ್ ಮಾತ್ರ ಒಂದನ್ನೂ ಪೂರ್ತಿ ನೋಡಿಲ್ಲ. ಈ ವಾರ ಒಂದು ರಾತ್ರಿ ಬಿಡುವು ಮಾಡಿಕೊಂಡು ಕೂರಬೇಕು ಅಂತಿದ್ದೇನೆ. ಕೇಳಿದವರೆಲ್ಲ ಎರಡು ಹೆಸರು ಹೇಳುತ್ತಾರೆ. ಒಂದು, 1973ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಚಿತ್ರೀಕರಿಸಿದ 'ದಿ ಸಾಂಗ್ ರಿಮೇನ್ಸ್ ದಿ ಸೇಮ್'. ಇನ್ನೊಂದು, 2007ರಲ್ಲಿ ಲಂಡನ್ನಿನ ಓ2 ಅರೀನಾದಲ್ಲಿ ನಡೆದ ಕಾರ್ಯಕ್ರಮದ 'ಸೆಲೆಬ್ರೇಷನ್ ಡೇ'.

ಎರಡನೆಯದರ ಬಗ್ಗೆ ನಮ್ಮ ಗುಂಪಿನಲ್ಲೇ ಜಗಳ. ಅರವತ್ತರ ಹತ್ತಿರದವರು ಹಳೇ ಹಾಡು ಹಾಡೋದನ್ನು ನೋಡೋದು ಬರೀ ನೆನಪಿನ ಖುಷಿ, ಸಂಗೀತ ಅಲ್ಲ ಅಂತ ಒಬ್ಬ ಗೆಳೆಯ ವಾದ ಮಾಡುತ್ತಾನೆ. ಗಾಯಕ ರಾಬರ್ಟ್ ಪ್ಲಾಂಟ್ ದನಿ ಮೊದಲಿನ ಎತ್ತರಕ್ಕೆ ಹೋಗಲ್ಲವಂತೆ. ಡ್ರಮ್ಸ್‌ನಲ್ಲಿ ಜಾನ್ ಬಾನಮ್ ಬದಲು ಅವರ ಮಗ. ಹಾಗಾದ್ರೆ ಅದನ್ನು ಲೆಡ್ ಜೆಪ್ಪೆಲಿನ್ ಅನ್ನಬಹುದಾ? ನೋಡಿದವರು ಹೇಳಿ.

ಹಳೇ_ಕ್ಯಾಸೆಟ್:
2007ರದ್ದನ್ನೇ ಮೊದಲು ನೋಡಿ. ಅನುಮಾನವೇ ಬೇಡ.

ನಿಮ್ಮ ಗೆಳೆಯರು ಹೇಳೋದರಲ್ಲಿ ಒಂದು ಮಾತು ನಿಜ. ದನಿ ಇಳಿದಿದೆ. ಪ್ಲಾಂಟ್‌ಗೆ ಆಗ 59 ವರ್ಷ, ಕೆಲವು ಹಾಡುಗಳ ಶ್ರುತಿಯನ್ನೇ ಇಳಿಸಿಕೊಂಡಿದ್ದಾರೆ. ಆದರೆ ಅದು ಸೋಲಲ್ಲ, ಯೋಚನೆ ಮಾಡಿ ತಗೊಂಡ ತೀರ್ಮಾನ. ಇಪ್ಪತ್ತೈದರ ಹುಡುಗನ ಹಾಗೆ ಕಿರುಚೋಕೆ ಹೋಗದೆ, ಸಾಲುಗಳನ್ನು ಸ್ವಲ್ಪ ತಿರುಗಿಸಿ, ಎಲ್ಲಿ ಒತ್ತಬೇಕೋ ಅಲ್ಲಿ ಮಾತ್ರ ಒತ್ತಿ ಹಾಡುತ್ತಾರೆ. ನನಗಂತೂ ಈ ಪ್ಲಾಂಟ್ ಜಾಸ್ತಿ ಇಷ್ಟ.

ಇದು ಬರೀ ನೆನಪಿನ ಖುಷಿ ಯಾಕಲ್ಲ ಅಂತ ಗೊತ್ತಾಗಬೇಕಾದರೆ ಹಿಂದಿನ ಕಥೆ ಸ್ವಲ್ಪ ತಿಳಿದಿರಬೇಕು. 1980ರಲ್ಲಿ ಜಾನ್ ಬಾನಮ್ ತೀರಿಕೊಂಡ ಮೇಲೆ ಬ್ಯಾಂಡನ್ನೇ ನಿಲ್ಲಿಸಿಬಿಟ್ಟರು. ಆಮೇಲೆ 1985ರ ಲೈವ್ ಏಡ್ ಅನ್ನುವ ಸಹಾಯಾರ್ಥ ಕಾರ್ಯಕ್ರಮಕ್ಕೆ ಫಿಲಡೆಲ್ಫಿಯಾದಲ್ಲಿ ಸರಿಯಾದ ಅಭ್ಯಾಸವಿಲ್ಲದೆ ವೇದಿಕೆ ಹತ್ತಿದರು, ಎಷ್ಟು ಕೆಟ್ಟದಾಗಿ ಆಯಿತು ಅಂದರೆ 2004ರಲ್ಲಿ ಲೈವ್ ಏಡ್ ಡಿವಿಡಿ ಬಂದಾಗ ತಮ್ಮ ಭಾಗವನ್ನು ಸೇರಿಸಲು ಅವರೇ ಒಪ್ಪಲಿಲ್ಲ. 1988ರಲ್ಲಿ ತಮ್ಮ ರೆಕಾರ್ಡ್ ಕಂಪನಿ ಅಟ್ಲಾಂಟಿಕ್ ರೆಕಾರ್ಡ್ಸ್‌ನ ನಲವತ್ತನೇ ವರ್ಷದ ಕಾರ್ಯಕ್ರಮದಲ್ಲಿ ಮತ್ತೆ ಸೇರಿದರು, ಅದೂ ಕೂಡಿಬರಲಿಲ್ಲ. ಹೀಗೆ ಎರಡು ಸಲ ಎಲ್ಲರೆದುರು ಎಡವಿದವರು, ಅಟ್ಲಾಂಟಿಕ್ ಕಟ್ಟಿದ ಅಹ್ಮೆತ್ ಎರ್ಟೆಗುನ್ ನೆನಪಿಗೆ ಅಂತ 2007ರಲ್ಲಿ ಒಪ್ಪಿಕೊಂಡಾಗ ವಾರಗಟ್ಟಲೆ ಕೂತು ಅಭ್ಯಾಸ ಮಾಡಿದರು. ನವೆಂಬರಿನಲ್ಲಿ ಆಗಬೇಕಿತ್ತು, ಗಿಟಾರ್ ನುಡಿಸುವ ಜಿಮ್ಮಿ ಪೇಜ್ ಬೆರಳು ಮುರಿದು ಡಿಸೆಂಬರ್ 10ಕ್ಕೆ ಹೋಯಿತು. ಟಿಕೆಟ್‌ಗೆ 2 ಕೋಟಿ ಅರ್ಜಿ ಬಂದಿದ್ದವು ಅಂತ ಆಗ ಸುದ್ದಿಯಾಗಿತ್ತು.

ಇದೆಲ್ಲ ತಲೆಯಲ್ಲಿಟ್ಟುಕೊಂಡು ಮೊದಲ ಹಾಡು ನೋಡಿ. ವೇದಿಕೆ ಅಷ್ಟು ದೊಡ್ಡದು, ಆದರೂ ನಾಲ್ಕೂ ಜನ ಡ್ರಮ್ಸ್ ಹತ್ತಿರವೇ ಗುಂಪಾಗಿ ನಿಲ್ಲುತ್ತಾರೆ. ಒಬ್ಬರ ಕೈ ಇನ್ನೊಬ್ಬರು ನೋಡುತ್ತಾ, ಎಲ್ಲಿ ತಿರುವು ಬರುತ್ತದೆ ಅಂತ ಕಾಯುತ್ತಾ ನುಡಿಸುತ್ತಾರೆ. ವಯಸ್ಸಾದ ಬ್ಯಾಂಡ್‌ನಲ್ಲಿ ನೋಡಬೇಕಾದದ್ದು ಈ ಕೇಳಿಸಿಕೊಳ್ಳುವಿಕೆ ಅಂತ ನನ್ನ ನಂಬಿಕೆ.

ಮೃದಂಗದ_ಹುಡುಗ:
ಹಳೇ_ಕ್ಯಾಸೆಟ್ ಅವರು ಗಾಯಕರ ಬಗ್ಗೆ ಹೇಳಿದರು, ನಾನು ಡ್ರಮ್ಸ್ ಬಗ್ಗೆ ಹೇಳ್ತೀನಿ. ಮಗ ಜೇಸನ್ ಬಾನಮ್ ಇಲ್ಲಿ ಯಾರ ಬದಲಿಗೂ ಬಂದವರಲ್ಲ, ಆ ರಾತ್ರಿಯನ್ನು ಹಿಡಿದು ನಿಲ್ಲಿಸಿದವರು ಅವರೇ. ಅಪ್ಪನ ಪೆಟ್ಟಿನ ತೂಕ ಅವರಿಗೆ ಗೊತ್ತು, ಆದರೆ ಹಾಗ್‌ಹಾಗೇ ನಕಲು ಮಾಡಲ್ಲ. ಇನ್ನೊಂದು ವಿಷಯ, 'ಮೋಬಿ ಡಿಕ್' ಅನ್ನುವುದು ಅಪ್ಪನ ದೊಡ್ಡ ಡ್ರಮ್ ಸೋಲೋ ಇದ್ದ ಹಾಡು, ಅದನ್ನು ಈ ಕಾರ್ಯಕ್ರಮದಲ್ಲಿ ಇಟ್ಟೇ ಇಲ್ಲ. ಒಳ್ಳೆಯದೇ ಆಯಿತು.

'ಕಾಶ್ಮೀರ್' ಬಂದಾಗ ದಯವಿಟ್ಟು ಕೈಯಲ್ಲಿ ತಾಳ ಹಾಕಿಕೊಂಡು ಕೇಳಿ. ಮುಖ್ಯ ಸ್ವರಗುಚ್ಛದಲ್ಲಿ ಗಿಟಾರ್ ಮೂರು ಮೂರಾಗಿ ಹೋಗುತ್ತದೆ, ಡ್ರಮ್ಸ್ ನಾಲ್ಕು ನಾಲ್ಕಾಗಿ. ಹನ್ನೆರಡು ಎಣಿಕೆಗೆ ಒಮ್ಮೆ ಎರಡೂ ಸಮಕ್ಕೆ ಬಂದು ಸೇರುತ್ತವೆ. ನಮ್ಮ ಪಾಠದಲ್ಲಿ ತಕಿಟ ಒಂದು ಕಡೆ, ತಕಧಿಮಿ ಇನ್ನೊಂದು ಕಡೆ ಹಿಡಿಸುತ್ತಾರಲ್ಲ, ಅದೇ ಲೆಕ್ಕ. ಜೇಸನ್ ಆ ನಾಲ್ಕನ್ನು ಒಂದಿಷ್ಟೂ ಅಲುಗಾಡಿಸಲ್ಲ, ಅದಕ್ಕೇ ಗಿಟಾರ್ ತೇಲಿದ ಹಾಗೆ ಕೇಳಿಸುತ್ತದೆ.

ಅದೇ ಹಾಡಿನಲ್ಲಿ ಜಾನ್ ಪಾಲ್ ಜೋನ್ಸ್ ಕಡೆಗೂ ಕಣ್ಣಿಡಿ. ಕೈ ಕೀಬೋರ್ಡ್ ಮೇಲೆ, ಬೇಸ್ ಮಾತ್ರ ಕಾಲಿನಿಂದ, ಪೆಡಲ್ ಒತ್ತಿ ನುಡಿಸುತ್ತಾರೆ. ವೇದಿಕೆ ಮೇಲೆ ಐದನೆಯವರು ಯಾರೂ ಇಲ್ಲ. ಅಷ್ಟು ತುಂಬಿದ ಸದ್ದು ನಾಲ್ಕೇ ಜನರದ್ದು.

ಗಡಿನಾಡಿಗ:
ನನ್ನ ಅಭಿಪ್ರಾಯ ಬೇರೆ. 1973ರದ್ದು ಬಿಟ್ಟು ಇದನ್ನು ಮೊದಲು ನೋಡಿದರೆ ಆ ಬ್ಯಾಂಡ್ ಯಾಕೆ ಅಷ್ಟು ದೊಡ್ಡದಾಯಿತು ಅಂತ ತಿಳಿಯಲ್ಲ. ಆಗ ಪೇಜ್‌ಗೆ 29 ವರ್ಷ, ಪ್ಲಾಂಟ್‌ಗೆ 25 ಕೂಡ ತುಂಬಿರಲಿಲ್ಲ. ಒಂದು ಹಾಡು ಎಲ್ಲಿಗೆ ಹೋಗಿ ಮುಗಿಯುತ್ತದೆ ಅಂತ ಅವರಿಗೇ ಗೊತ್ತಿಲ್ಲದ ಹಾಗೆ ನುಡಿಸುತ್ತಾರೆ. ಆ ಧೈರ್ಯ 2007ರಲ್ಲಿ ಇಲ್ಲ, ಅಲ್ಲಿ ಎಲ್ಲವೂ ಅಳತೆಗೆ ಕೂತಿದೆ.

ಆದರೆ ಸಿನಿಮಾ ಆಗಿ 1973ರದ್ದು ಕಷ್ಟ, ಅದನ್ನು ಒಪ್ಪುತ್ತೇನೆ. ನಡುನಡುವೆ ಒಬ್ಬೊಬ್ಬರ ಕನಸಿನ ದೃಶ್ಯಗಳು ಬಂದು ಹಾಡನ್ನು ಕಡಿಯುತ್ತವೆ. ಮೂರು ರಾತ್ರಿ ಚಿತ್ರೀಕರಿಸಿದರೂ ತುಣುಕುಗಳು ಸಾಲದೆ, ಮರುವರ್ಷ ಇಂಗ್ಲೆಂಡಿನ ಶೆಪರ್ಟನ್ ಸ್ಟುಡಿಯೋದಲ್ಲಿ ಅದೇ ತರಹದ ವೇದಿಕೆ ಹಾಕಿ ಮತ್ತೆ ತೆಗೆದರು. ಜೋನ್ಸ್ ಅಷ್ಟರಲ್ಲಿ ಕೂದಲು ಕತ್ತರಿಸಿಕೊಂಡಿದ್ದರಿಂದ ವಿಗ್ ಹಾಕಿಕೊಳ್ಳಬೇಕಾಯಿತು. ಅದರಲ್ಲಿ ಪುಟ್ಟ ಜೇಸನ್ ಅಪ್ಪನ ಜೊತೆ ಡ್ರಮ್ಸ್ ಬಾರಿಸುವ ತುಣುಕಿದೆ, ಅದನ್ನು ಮಾತ್ರ ತಪ್ಪಿಸಬೇಡಿ. ಆ ಹುಡುಗನೇ 41ನೇ ವಯಸ್ಸಿನಲ್ಲಿ ಲಂಡನ್ನಿನಲ್ಲಿ ಕೂತಿದ್ದು.

ನನ್ನ ಸಲಹೆ ಏನಂದ್ರೆ, 2003ರಲ್ಲಿ ಬಂದ ಎರಡು ಡಿಸ್ಕ್‌ನ ಡಿವಿಡಿ ಸಿಕ್ಕರೆ ಅದರಿಂದ ಶುರು ಮಾಡಿ. 1970ರ ಜನವರಿಯಲ್ಲಿ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ನಡೆದದ್ದು ಅದರಲ್ಲಿದೆ. ಕನಸಿನ ದೃಶ್ಯ ಇಲ್ಲ, ಏನೂ ಇಲ್ಲ, ಸುಮ್ನೆ ನಾಲ್ಕು ಹುಡುಗರು ಬೆವರು ಸುರಿಸಿ ನುಡಿಸುತ್ತಾರೆ.

ಹಳೇ_ಕ್ಯಾಸೆಟ್:
ಆಲ್ಬರ್ಟ್ ಹಾಲ್ ವಿಷಯದಲ್ಲಿ ನಿಮ್ಮ ಜೊತೆಗಿದ್ದೇನೆ. ಆದರೆ 2007ರಲ್ಲಿ ಧೈರ್ಯ ಇಲ್ಲ ಅನ್ನೋದನ್ನು ಒಪ್ಪಲ್ಲ. 'ಫಾರ್ ಯುವರ್ ಲೈಫ್' ಹಾಡನ್ನು ಅವರು ಹಿಂದೆ ಯಾವತ್ತೂ ವೇದಿಕೆಯಲ್ಲಿ ಪೂರ್ತಿ ನುಡಿಸಿರಲಿಲ್ಲ, ಅದನ್ನು ಈ ಒಂದೇ ರಾತ್ರಿಗೆ ಆರಿಸಿಕೊಂಡರು. ಜನ ಕಾಯುತ್ತಿದ್ದ 'ಸ್ಟೇರ್‌ವೇ ಟು ಹೆವನ್' ಅನ್ನು ಕೊನೆಗೆ ಇಡದೆ ಮಧ್ಯದಲ್ಲೇ ಮುಗಿಸಿಬಿಟ್ಟರು. ಅಷ್ಟು ಚೆನ್ನಾಗಿ ಬಂದ ಮೇಲೂ ಪ್ರವಾಸ ಹೊರಡಲಿಲ್ಲ.

ತುಂಗಾತೀರ:
ತುಂಬಾ ಥ್ಯಾಂಕ್ಸ್ ಎಲ್ಲರಿಗೂ. 2007ರದ್ದು ಮೊದಲು, ವಾರಾಂತ್ಯದಲ್ಲಿ ಆಲ್ಬರ್ಟ್ ಹಾಲ್ ಅಂತ ನಿರ್ಧಾರ ಮಾಡಿದೆ. ಮೃದಂಗದ_ಹುಡುಗ ಅವರೇ, ನನ್ನ ಹತ್ತಿರ ಲ್ಯಾಪ್‌ಟಾಪ್ ಮತ್ತು ಒಂದು ಸಾಧಾರಣ ಹೆಡ್‌ಫೋನ್ ಇದೆ. ಸಾಕಾ?

ಮೃದಂಗದ_ಹುಡುಗ:
ಹೆಡ್‌ಫೋನ್ ಸಾಕು. ಲ್ಯಾಪ್‌ಟಾಪ್ ಸ್ಪೀಕರ್‌ನಲ್ಲಿ ಮಾತ್ರ ಬೇಡ, ಬೇಸ್ ಪೆಡಲ್ ಸದ್ದು ಕೇಳೋದೇ ಇಲ್ಲ, ಕಿಕ್ ಡ್ರಮ್ ಬರೀ ಟಕ್ ಟಕ್ ಅನ್ನುತ್ತದೆ. ಮನೆಯಲ್ಲಿ ಸ್ಪೀಕರ್ ಇರುವ ಟಿವಿ ಇದ್ದರೆ, ಅಕ್ಕಪಕ್ಕದವರಿಗೆ ತೊಂದರೆ ಆಗದ ಹೊತ್ತು ನೋಡಿ ಅದರಲ್ಲೇ ಹಾಕಿ. ಒಟ್ಟು ಎರಡು ಗಂಟೆ ಇದೆ, 16 ಹಾಡು. ತುಂಡು ತುಂಡಾಗಿ ನೋಡಬೇಡಿ. ಮೊದಲ ಎರಡು ಮೂರು ಹಾಡಿನಲ್ಲಿ ಅವರು ಇನ್ನೂ ಬಿಗಿಯಾಗಿದ್ದಾರೆ, 'ನೋ ಕ್ವಾರ್ಟರ್' ಹೊತ್ತಿಗೆ ಪೂರ್ತಿ ಸಡಿಲಾಗುತ್ತಾರೆ. ನೋಡಿದ ಮೇಲೆ ಇಲ್ಲೇ ಬರೆಯಿರಿ, ನಿಮ್ಮ ಗೆಳೆಯರಿಗೆ ಏನನ್ನಿಸಿತು ಅಂತಲೂ ತಿಳಿಸಿ.