ಮಿರಿಸ್ಸಾದಲ್ಲಿ ತಿಮಿಂಗಿಲ ನೋಡಲು ಯಾವ ತಿಂಗಳು ಸೂಕ್ತ? ಬೋಟ್ ಆಯ್ಕೆ ಹೇಗೆ?

ಪ್ರಶ್ನೆ (ಉಡುಪಿ):
ಕಾಲೇಜಿನ ದಿನಗಳಿಂದ ಜೊತೆಗಿರುವ ನಾವು ಐವರು ಗೆಳೆಯರು ಶ್ರೀಲಂಕಾಕ್ಕೆ ಹೋಗಿ, ದಕ್ಷಿಣ ತೀರದ ಮಿರಿಸ್ಸಾದಿಂದ ಬೋಟಿನಲ್ಲಿ ನೀಲಿ ತಿಮಿಂಗಿಲವನ್ನು ನೋಡಿ ಬರಬೇಕೆಂದಿದ್ದೇವೆ. ರಜೆ ಸಿಗುವುದು ಫೆಬ್ರವರಿಯಲ್ಲಿ ಅಥವಾ ಜೂನ್‌ನಲ್ಲಿ. ನಮ್ಮಲ್ಲೊಬ್ಬನಿಗೆ ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪ ತಲುಪುವಷ್ಟರಲ್ಲೇ ವಾಂತಿಯಾಗುತ್ತದೆ. ಅವನನ್ನು ದಡದಲ್ಲಿ ಬಿಟ್ಟು ಹೋಗಲು ಯಾರಿಗೂ ಮನಸ್ಸಿಲ್ಲ. ಹೋಗಿ ಬಂದವರು ದಯವಿಟ್ಟು ತಿಳಿಸಿ.

ಉತ್ತರ 1 (ಮಂಗಳೂರು):
ಖಂಡಿತವಾಗಿ ಫೆಬ್ರವರಿಯಲ್ಲೇ ಹೋಗಿ. ಜೂನ್‌ನಲ್ಲಿ ನಮ್ಮ ಕಡಲನ್ನು ಕದಡುವ ನೈರುತ್ಯ ಮುಂಗಾರೇ ಮಿರಿಸ್ಸಾದ ಕಡಲನ್ನೂ ಕದಡುತ್ತದೆ. ಅಲ್ಲಿ ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ನೀರು ಶಾಂತವಾಗಿರುತ್ತದೆ. ನಮ್ಮ ಕರಾವಳಿಯಲ್ಲಿ ಆಳ ಸಮುದ್ರ ಸಿಗಬೇಕಾದರೆ ಬಹಳ ದೂರ ಸಾಗಬೇಕು. ಮಿರಿಸ್ಸಾದಲ್ಲಿ ಖಂಡದಂಚು, ಅಂದರೆ ದಡಕ್ಕೆ ತಾಗಿದ ಆಳವಿಲ್ಲದ ಕಡಲತಳ, ತೀರಾ ಕಿರಿದಾಗಿರುವುದರಿಂದ ಆಳವೂ ಅದರೊಡನೆ ತಿಮಿಂಗಿಲವೂ ದಡದ ಸಮೀಪಕ್ಕೇ ಬರುತ್ತವೆ. ಧ್ರುವದ ಕಡೆಗೆ ವಲಸೆ ಹೋಗದೆ ವರ್ಷವಿಡೀ ಬೆಚ್ಚಗಿನ ನೀರಿನಲ್ಲೇ ಉಳಿಯುವ ನೀಲಿ ತಿಮಿಂಗಿಲಗಳು ಇವು.

ನಾವು ಮಾರ್ಚ್ ತಿಂಗಳಲ್ಲಿ ಬೆಳಿಗ್ಗೆ ಆರೂವರೆಗೆ ಹೊರಟಿದ್ದೆವು. ಎರಡು ಗಂಟೆ ಬರೀ ನೀರು. ಆಮೇಲೆ ದೂರದಲ್ಲಿ ಹಬೆಯ ಕಂಬವೊಂದು ಎದ್ದಿತು, ಬೂದುನೀಲಿಯ ಬೆನ್ನು ಮುಗಿಯುವುದೇ ಇಲ್ಲವೆಂಬಂತೆ ನಿಧಾನವಾಗಿ ಉರುಳಿತು, ಕೊನೆಗೆ ಬಾಲವನ್ನು ನೆಟ್ಟಗೆ ಎತ್ತಿ ಅದು ಮುಳುಗಿತು. ಮತ್ತೆ ಕಾಣಿಸಿಕೊಳ್ಳಲು ಸುಮಾರು ಹತ್ತು ನಿಮಿಷ ಹಿಡಿಯಿತು. ಅಷ್ಟು ಹೊತ್ತೂ ಬೋಟಿನಲ್ಲಿ ಒಬ್ಬರೂ ಮಾತನಾಡಲಿಲ್ಲ.

ಉತ್ತರ 2 (ಮಲ್ಪೆ):
ನಮ್ಮದು ಮೀನುಗಾರಿಕೆಯ ಮನೆ. ನಿಮ್ಮ ಗೆಳೆಯರ ತೊಂದರೆಗೆ ಕಾರಣ ಹೊಟ್ಟೆಯಲ್ಲ. ಒಳಗಿವಿ ಓಲಾಟವನ್ನು ಹೇಳುತ್ತಿರುವಾಗ ಕಣ್ಣು ಮುಂದಿನ ಸೀಟನ್ನಷ್ಟೇ ಕಾಣುವುದು. ಅವರನ್ನು ಕೆಳಗಿನ ಅಂತಸ್ತಿನ ನಡುವೆ, ಡೀಸೆಲ್ ಹೊಗೆ ತಾಗದಲ್ಲಿ ಕೂರಿಸಿ, ದಿಗಂತವನ್ನೇ ನೋಡಲು ಹೇಳಿ. ಮೊಬೈಲ್ ಬೇಡ. ಖಾಲಿ ಹೊಟ್ಟೆಯಲ್ಲೂ ಹೋಗಬಾರದು, ಎರಡು ಇಡ್ಲಿಯಷ್ಟು ಹಗುರವಾದ ತಿಂಡಿ ಸಾಕು. ವೈದ್ಯರನ್ನು ಕೇಳಿ ಮಾತ್ರೆಯನ್ನು ಹೊರಡುವ ಒಂದು ಗಂಟೆ ಮೊದಲೇ ತೆಗೆದುಕೊಳ್ಳಲಿ, ವಾಂತಿ ಶುರುವಾದ ಮೇಲೆ ನುಂಗಿದರೆ ಅದು ಹೊಟ್ಟೆಯಲ್ಲಿ ನಿಲ್ಲುವುದಿಲ್ಲ.

ಉತ್ತರ 3 (ಮಣಿಪಾಲ):
ಬೋಟಿನ ಬಗ್ಗೆ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ತಿಮಿಂಗಿಲದಿಂದ ಕನಿಷ್ಠ 100 ಮೀಟರ್ ದೂರವಿರಬೇಕೆಂಬ ನಿಯಮ ಶ್ರೀಲಂಕಾದಲ್ಲಿದೆ. ನಾನು ಹೋಗಿದ್ದ ಬೋಟಿನವರು ಅದನ್ನು ಲೆಕ್ಕಿಸದೆ ಅಟ್ಟಿಸಿಕೊಂಡು ಹೋದರು, ಇನ್ನೂ ನಾಲ್ಕು ಬೋಟುಗಳು ಸುತ್ತುವರಿದವು, ತಿಮಿಂಗಿಲ ಸರಿಯಾಗಿ ಉಸಿರೆಳೆದುಕೊಳ್ಳುವ ಮುನ್ನವೇ ಮುಳುಗಿತು. ಹತ್ತಿರ ಹೋಗಿರೆಂದು ಕೂಗಿದವರು ನಮ್ಮಂಥ ಪ್ರವಾಸಿಗಳೇ ಎಂಬುದು ನನ್ನನ್ನು ಇಂದಿಗೂ ಕಾಡುತ್ತದೆ. ಅಲ್ಲಿನ ಹಡಗುದಾರಿ ಜಗತ್ತಿನ ಅತಿ ದಟ್ಟಣೆಯ ದಾರಿಗಳಲ್ಲೊಂದು. ಹಡಗು ಬಡಿದು ಸಾಯುವ ತಿಮಿಂಗಿಲಗಳನ್ನು ಉಳಿಸಲೆಂದು ಮೆಡಿಟರೇನಿಯನ್ ಶಿಪ್ಪಿಂಗ್ ಕಂಪೆನಿ 2022ರಲ್ಲಿ ತನ್ನ ಹಡಗುಗಳನ್ನು ಇನ್ನಷ್ಟು ದಕ್ಷಿಣಕ್ಕೆ ಸರಿಸಿತು. ಅಂಥ ದೊಡ್ಡ ಹಡಗುಗಳೇ ದೂರ ಸರಿದಿರುವಾಗ ನಾವು ದುರ್ಬೀನು ಒಯ್ದು ದೂರದಿಂದ ನೋಡಬಹುದಲ್ಲವೇ? ಮುಂಗಡ ಕೊಡುವ ಮೊದಲು ಎಷ್ಟು ದೂರದಲ್ಲಿ ಇಂಜಿನ್ ನಿಧಾನಿಸುತ್ತೀರೆಂದು ಕೇಳಿ. ನೇರ ಉತ್ತರ ಬಾರದಿದ್ದರೆ ಬೇರೆ ಬೋಟ್ ನೋಡಿ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದಗಳು. ಫೆಬ್ರವರಿಯೆಂದು ನಿಶ್ಚಯಿಸಿದ್ದೇವೆ. ಎರಡು ಬೋಟಿನವರಿಗೆ ದೂರದ ವಿಷಯವನ್ನೇ ಮೊದಲು ಬರೆದು ಕೇಳಿದ್ದೇನೆ. ಗೆಳೆಯನು ವೈದ್ಯರನ್ನು ಕಂಡು, ಬರುವ ಭಾನುವಾರ ಸೇಂಟ್ ಮೇರೀಸ್ ಬೋಟಿನಲ್ಲೇ ಮಾತ್ರೆಯನ್ನು ಪರೀಕ್ಷಿಸಿ ನೋಡಲಿದ್ದಾನೆ.