ಫೆಡರಲ್ ಅಪೀಲಿನಲ್ಲಿ ‘ಕೋರ್ಟಿಗೆ ಜೂರಿಸ್ಡಿಕ್ಷನ್ ಇಲ್ಲ’ ಅಂದರೆ ಕೇಸು ಬೀಳುತ್ತದಾ?

ಪ್ರಶ್ನೆ: ನಮಸ್ಕಾರ ಮೇಡಂ. ನಾವಿರುವುದು ನ್ಯೂಜೆರ್ಸಿಯಲ್ಲಿ. ಇಲ್ಲಿನ ಫೆಡರಲ್ ಕೋರ್ಟಿನಲ್ಲಿ ನಮ್ಮ ಭಾವನವರ ಮೇಲೆ ವೈರ್ ಫ್ರಾಡ್ (ರಾಜ್ಯದ ಗಡಿ ದಾಟುವ ಫೋನು, ಇಮೇಲ್‌ನಂಥವನ್ನು ಬಳಸಿ ಮಾಡುವ ಮೋಸ) ಕೇಸು ನಡೆಯಿತು. ಜ್ಯೂರಿ ತಪ್ಪಿತಸ್ಥ ಅಂದಿತು, ಕಳೆದ ವಾರ ಶಿಕ್ಷೆಯೂ ಆಯಿತು. ಜೈಲಿನಲ್ಲಿ ಯಾರೋ ಅವರಿಗೆ ಹೇಳಿದ್ದಾರಂತೆ, ಇಮೇಲ್‌ಗಳು ರಾಜ್ಯದ ಗಡಿ ದಾಟಿಲ್ಲ, ಹಾಗಾಗಿ ಕೋರ್ಟಿಗೆ ಜೂರಿಸ್ಡಿಕ್ಷನ್ನೇ, ಅಂದರೆ ಕೇಸು ವಿಚಾರಿಸುವ ಅಧಿಕಾರವೇ ಇರಲಿಲ್ಲ, ಇದನ್ನು ಯಾವಾಗ ಬೇಕಾದರೂ ಎತ್ತಬಹುದು ಅಂತ. ನಿಜಾನಾ?

ಉತ್ತರ: ಜೂರಿಸ್ಡಿಕ್ಷನ್ ಪ್ರಶ್ನೆಯನ್ನು ಅಪೀಲಿನಲ್ಲೂ ಮೊದಲ ಸಲ ಎತ್ತಬಹುದು, ಅದು ಸರಿ. ಆದರೆ ನಿಮ್ಮ ಭಾವನವರದು ಜೂರಿಸ್ಡಿಕ್ಷನ್ ವಾದವೇ ಅಲ್ಲ. ಫೆಡರಲ್ ಕಾನೂನಿನ ಅಪರಾಧಗಳೆಲ್ಲವನ್ನೂ ವಿಚಾರಿಸುವ ಅಧಿಕಾರ ಡಿಸ್ಟ್ರಿಕ್ಟ್ ಕೋರ್ಟಿಗೆ (ಟ್ರಯಲ್ ನಡೆಸುವ ಫೆಡರಲ್ ಕೋರ್ಟಿಗೆ) ಇದೆ ಅಂತ ಫೆಡರಲ್ ಕಾನೂನು ಸಂಹಿತೆಯ 18ನೇ ಟೈಟಲ್‌ನ 3231ನೇ ಸೆಕ್ಷನ್ ಹೇಳುತ್ತದೆ. ವೈರ್ ಫ್ರಾಡ್ ಫೆಡರಲ್ ಅಪರಾಧ, ಇಂಡೈಟ್‌ಮೆಂಟಿನಲ್ಲಿ (ಆರೋಪಪಟ್ಟಿಯಲ್ಲಿ) ಆ ಆರೋಪ ಇದೆ, ಅಷ್ಟಾದರೆ ಕೋರ್ಟಿಗೆ ಅಧಿಕಾರ ಬಂತು. ಸಂದೇಶ ಗಡಿ ದಾಟಿತ್ತಾ ಅನ್ನುವುದು ಸರ್ಕಾರ ಜ್ಯೂರಿ ಮುಂದೆ ಸಾಬೀತು ಮಾಡಬೇಕಾದ ಅಂಶ. ವಕೀಲರೂ ಅದನ್ನು ಬಾಯಿಮಾತಿಗೆ ‘ಜೂರಿಸ್ಡಿಕ್ಷನಲ್ ಎಲಿಮೆಂಟ್’ ಅಂತಾರೆ, ಗೊಂದಲ ಶುರುವಾಗುವುದೇ ಅಲ್ಲಿ.

2002ರ ಕಾಟನ್ ಕೇಸು ನೋಡಿ. ಇಂಡೈಟ್‌ಮೆಂಟಿನಲ್ಲಿ ಡ್ರಗ್ಸ್ ಎಷ್ಟು ಅಂತ ಬರೆದಿರಲಿಲ್ಲ, ಅದರಿಂದ ಕೋರ್ಟಿನ ಅಧಿಕಾರವೇ ಹೋಯಿತು ಅಂತ ಅಪೀಲು ಕೋರ್ಟು ಶಿಕ್ಷೆ ರದ್ದು ಮಾಡಿತ್ತು. ಸುಪ್ರೀಂ ಕೋರ್ಟು ಒಪ್ಪಲಿಲ್ಲ. ಇಂಡೈಟ್‌ಮೆಂಟಿನ ಲೋಪ ಕೋರ್ಟಿನ ಅಧಿಕಾರವನ್ನು ಕಿತ್ತುಕೊಳ್ಳುವುದಿಲ್ಲ ಅಂದಿತು.

ಹಾಗಂತ ಆ ಇಮೇಲ್ ವಿಷಯ ಬಿಡಬೇಡಿ! ಅದನ್ನೇ ‘ಸಾಕ್ಷ್ಯ ಸಾಲದು’ ಅಂತ ಎತ್ತಿಸಿ. ಟ್ರಯಲ್ ವಕೀಲರು ರೂಲ್ 29ರ ಅಡಿ ಖುಲಾಸೆ ಕೇಳಿದ್ದರಾ ಅಂತ ಮೊದಲು ವಿಚಾರಿಸಿ. ಕೇಳಿದ್ದರೆ ಅಪೀಲು ಕೋರ್ಟು ಸಾಕ್ಷ್ಯವನ್ನು ಹೊಸದಾಗಿ ತೂಗಿ ನೋಡುವುದಿಲ್ಲವಾದರೂ, ಯಾವುದೇ ವಿವೇಕವಂತ ಜ್ಯೂರಿ ಇದರ ಮೇಲೆ ತಪ್ಪಿತಸ್ಥ ಅನ್ನಬಹುದಿತ್ತಾ ಅಂತ ಪೂರ್ತಿಯಾಗಿ ಪರಿಶೀಲಿಸುತ್ತದೆ. ಕೇಳಿರದಿದ್ದರೆ ದಾರಿ ತುಂಬಾ ಕಷ್ಟ. ಸರ್ವರ್ ಬೇರೆ ರಾಜ್ಯದಲ್ಲಿತ್ತು ಅಂತ ಸರ್ಕಾರ ತೋರಿಸಿದ್ದರೆ ಈ ವಾದ ನಿಲ್ಲುವುದೂ ಕಷ್ಟ, ಅದನ್ನೂ ದಾಖಲೆಯಲ್ಲಿ ನೋಡಿಸಿ.

ಮತ್ತೊಬ್ಬರು: 3231ನೇ ಸೆಕ್ಷನ್ನನ್ನೇ ಕೋರಂ (ಬೇಕಾದಷ್ಟು ಸದಸ್ಯರ ಹಾಜರಿ) ಇಲ್ಲದೆ ಪಾಸು ಮಾಡಿದ್ದು, 1948ರಿಂದ ಅದು ಚಾಲ್ತಿಯಲ್ಲೇ ಇಲ್ಲ ಅಂತಾರಲ್ಲ ಮೇಡಂ?

ಉತ್ತರ: ಆ ವಾದವನ್ನು ಅಪೀಲು ಕೋರ್ಟುಗಳು ಮತ್ತೆ ಮತ್ತೆ ತಳ್ಳಿಹಾಕಿವೆ. ‘ನಾನು ಈ ದೇಶದ ಪ್ರಜೆಯಲ್ಲ, ನನ್ನ ಮೇಲೆ ಅಧಿಕಾರವಿಲ್ಲ’ ಅನ್ನುವುದಕ್ಕೂ ಅದೇ ಗತಿ. ಇಂಥ ರೆಡಿಮೇಡ್ ಅರ್ಜಿಗಳನ್ನು ಸಂಕಟದಲ್ಲಿರುವ ಕುಟುಂಬಗಳಿಗೆ ದುಡ್ಡಿಗೆ ಮಾರುವವರನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ. ದಯವಿಟ್ಟು ಕೊಳ್ಳಬೇಡಿ.

ಪ್ರಶ್ನೆ ಕೇಳಿದವರು: ಹಾಗಾದರೆ ಈಗ ಏನು ಮಾಡಲಿ ಮೇಡಂ? ಹೊಸ ವಕೀಲರಿಗೆ ಕೊಡುವಷ್ಟು ದುಡ್ಡೂ ಇಲ್ಲ.

ಉತ್ತರ: ಮೊದಲು ನೋಟಿಸ್ ಆಫ್ ಅಪೀಲ್, ಅಂದರೆ ಅಪೀಲು ಮಾಡುತ್ತೇವೆ ಅಂತ ತಿಳಿಸುವ ಕಾಗದ. ಜಡ್ಜ್‌ಮೆಂಟ್ ದಾಖಲಾದ ಮೇಲೆ 14 ದಿನ ಮಾತ್ರ ಸಮಯ. ಅದು ಚಿಕ್ಕ ಕಾಗದ, ಕಾರಣ ಬರೆಯಬೇಕಿಲ್ಲ, ಕೊಡಬೇಕಾದದ್ದು ಅದೇ ಡಿಸ್ಟ್ರಿಕ್ಟ್ ಕೋರ್ಟಿಗೆ. ಭಾವನವರೇ ಕೇಳಿಕೊಂಡರೆ ಕೋರ್ಟಿನ ಕ್ಲರ್ಕ್ ಅವರ ಪರವಾಗಿ ಸಲ್ಲಿಸಲೇಬೇಕು. ದುಡ್ಡಿಲ್ಲದಿದ್ದರೆ ಅಪೀಲಿಗೂ ಕೋರ್ಟೇ ವಕೀಲರನ್ನು ಕೊಡುತ್ತದೆ. ಗ್ರೀನ್ ಕಾರ್ಡಿನಲ್ಲಿದ್ದಾರಾ? ಮೋಸದಿಂದಾದ ನಷ್ಟ 10,000 ಡಾಲರಿಗಿಂತ ಜಾಸ್ತಿ ಅಂತಾಗಿದ್ದರೆ ಗಡೀಪಾರಿನ ಭಯವೂ ಇದೆ, ಇಮಿಗ್ರೇಷನ್ ವಕೀಲರನ್ನೂ ಕಾಣಿ. ಜಡ್ಜ್‌ಮೆಂಟ್ ದಾಖಲಾದ ತಾರೀಖು ಯಾವುದು ಅಂತ ಇವತ್ತೇ ನೋಡಿ ಇಲ್ಲಿ ಹಾಕಿ.