ಹಳೇ ಇಂಪಾಲಾ ಆಟೋಮ್ಯಾಟಿಕ್‌ಗೆ ಯಾವ ಶಿಫ್ಟ್ ಕಿಟ್? ಹಾಕಿಸಿದವರು ಹೇಳಿ

ಚಿಕ್ಕಬಳ್ಳಾಪುರದಿಂದ ಪ್ರಶ್ನೆ:
ನಮ್ಮ ತಾತನ 1970ರ ಷೆವರ್ಲೆ ಇಂಪಾಲಾ ಇನ್ನೂ ಓಡುತ್ತಿದೆ. ಒಂದರಿಂದ ಎರಡನೇ ಗೇರಿಗೆ ಹೋಗುವಾಗ ಇಂಜಿನ್ ಸುಮ್ನೆ ಕೂಗುತ್ತದೆ, ಆಮೇಲೆ ಗೇರ್ ಹಿಡಿಯುತ್ತದೆ. ಶಿಫ್ಟ್ ಕಿಟ್ ಹಾಕಿಸಿ ಅಂತಿದ್ದಾರೆ. ಮದುವೆಗೋ, ಭಾನುವಾರ ನಂದಿ ಬೆಟ್ಟಕ್ಕೋ ಹೋಗುವ ಗಾಡಿ. ಯಾವ ಕಿಟ್ ತರಿಸಲಿ?

ತುಮಕೂರಿನಿಂದ:
ಸಾರ್, ದುಡ್ಡು ಕಟ್ಟುವ ಮೊದಲು ಗಾಡಿ ಕೆಳಗೆ ಬಗ್ಗಿ ಗೇರ್ ಬಾಕ್ಸಿನ ಪ್ಯಾನ್ (ತಳದ ಎಣ್ಣೆ ತಟ್ಟೆ) ನೋಡಿ. ಇಂಪಾಲಾಗಳಿಗೆಲ್ಲ ಒಂದೇ ಬಾಕ್ಸ್ ಬರುತ್ತಿರಲಿಲ್ಲ. 13 ಬೋಲ್ಟ್ ಇದ್ದು, ಚೌಕದ ಪ್ಯಾನಿನ ಒಂದು ಮೂಲೆ ಓರೆಯಾಗಿ ಕತ್ತರಿಸಿದ್ದರೆ ಅದು ಟರ್ಬೊ 350 ಅನ್ನುವ ಬಾಕ್ಸ್. 13 ಇದ್ದೂ ಆಕಾರ ಅಂಕುಡೊಂಕಾಗಿದ್ದರೆ ಟರ್ಬೊ 400. 14 ಬೋಲ್ಟ್ ಇದ್ದರೆ ಎರಡೇ ಗೇರಿನ ಪವರ್‌ಗ್ಲೈಡ್. ಒಂದರ ಕಿಟ್ ಇನ್ನೊಂದಕ್ಕೆ ಆಗುವುದಿಲ್ಲ.

ಕಿಟ್ ಅಂದರೆ ಕೆಲವು ಸ್ಪ್ರಿಂಗ್, ಗ್ಯಾಸ್ಕೆಟ್, ಎಣ್ಣೆಯನ್ನು ಕ್ಲಚ್‌ಗಳಿಗೆ ಹಂಚುವ ವಾಲ್ವ್ ಬಾಡಿಯ ಪ್ಲೇಟಿನ ತೂತು ದೊಡ್ಡದು ಮಾಡುವ ಡ್ರಿಲ್ ಬಿಟ್, ಹೆಚ್ಚುಕಮ್ಮಿ ಅಷ್ಟೇ. ಎಣ್ಣೆ ಬೇಗ ಹರಿದು ಕ್ಲಚ್ ಬೇಗ ಕಚ್ಚಿಕೊಳ್ಳುತ್ತದೆ. ಜಾರುವುದು ಕಮ್ಮಿ, ಬಿಸಿಯೂ ಕಮ್ಮಿ. ಆದರೆ ಸವೆದ ಕ್ಲಚ್ ಪ್ಲೇಟಿಗೆ ಅದು ಮದ್ದಲ್ಲ. ನಿಮ್ಮ ಗಾಡಿ ಕೂಗುತ್ತದೆ ಅಂದಿದ್ದಕ್ಕೇ ನನಗೆ ಚಿಂತೆ. ಇಂಜಿನ್ ಬಿಸಿಯಾದ ಮೇಲೆ, ಸಮ ನೆಲದಲ್ಲಿ, ಪಾರ್ಕಿಗೆ ಹಾಕಿ, ಇಂಜಿನ್ ಓಡುತ್ತಿರುವಾಗಲೇ ಗೇರ್ ಬಾಕ್ಸಿನ ಡಿಪ್‌ಸ್ಟಿಕ್ ಎಳೆಯಿರಿ. ಬಿಳಿ ಕಾಗದದ ಮೇಲೆ ಒಂದು ಹನಿ ಬಿಡಿ. ಕೆಂಪಗಿದ್ದರೆ ಒಳ್ಳೆಯದು. ಕಂದು ಬಣ್ಣ, ಸುಟ್ಟ ವಾಸನೆ, ಕಪ್ಪು ಪುಡಿ ಕಂಡರೆ ಮೊದಲು ಬಾಕ್ಸ್ ಬಿಚ್ಚಿಸಬೇಕು. ಕಿಟ್ ಆಮೇಲಿನ ಮಾತು.

ಕೋಲಾರದಿಂದ:
ಅದರ ಜೊತೆಗೆ ವ್ಯಾಕ್ಯೂಮ್ ಮಾಡ್ಯುಲೇಟರ್‌ನಿಂದ (ಇಂಜಿನ್ ಎಳೆತ ನೋಡಿ ಬಾಕ್ಸಿನ ಎಣ್ಣೆ ಒತ್ತಡ ಹೊಂದಿಸುವ ಡಬ್ಬಿ) ಇಂಜಿನ್‌ಗೆ ಹೋಗುವ ಪೈಪನ್ನೂ ಎಳೆದು ನೋಡಿ ಅಣ್ಣ. ಪೈಪಿನೊಳಗೆ ಕೆಂಪು ಎಣ್ಣೆ ಇದ್ದರೆ ಡಬ್ಬಿಯೊಳಗಿನ ಡಯಾಫ್ರಮ್ (ರಬ್ಬರ್ ಪರದೆ) ಹರಿದಿದೆ. ಇಂಜಿನ್ ಆ ಎಣ್ಣೆಯನ್ನು ಹೀರಿ ಸುಡುತ್ತಿರುತ್ತದೆ. ಸೈಲೆನ್ಸರಿನಲ್ಲಿ ಬಿಳಿ ಹೊಗೆ ಬರುತ್ತದೆ, ಬಾಕ್ಸಿನಲ್ಲಿ ಎಣ್ಣೆ ಇಳಿಯುತ್ತದೆ. ಎಣ್ಣೆ ಇಳಿದರೂ ಗೇರ್ ಜಾರುತ್ತದಲ್ವಾ? ನನ್ನ ಗಾಡಿಯಲ್ಲಿ ಆಗಿದ್ದು ಇದೇ.

ಚಿಕ್ಕಬಳ್ಳಾಪುರದಿಂದ:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. 13 ಬೋಲ್ಟ್, ಮೂಲೆ ಕತ್ತರಿಸಿದೆ. ಎಣ್ಣೆ ಕೆಂಪಗಿತ್ತು, ಆದರೆ ಕಮ್ಮಿ ಇತ್ತು. ಪೈಪು ಒಳಗೆಲ್ಲ ಒದ್ದೆ! ಮಾಡ್ಯುಲೇಟರ್ ಬದಲಾಯಿಸಿ ಡೆಕ್ಸ್‌ರಾನ್ ಗೇರ್ ಬಾಕ್ಸ್ ಎಣ್ಣೆ ತುಂಬಿಸಿದೆ, ಕೂಗು ನಿಂತಿದೆ. ಗೇರ್ ಮಾತ್ರ ಇನ್ನೂ ಮೆತ್ತಗೆ ಬೀಳುತ್ತದೆ.

ತುಮಕೂರಿನಿಂದ:
ಬಾಕ್ಸ್ ಚೆನ್ನಾಗಿದೆ ಅಂತಾಯಿತು, ಬಹಳ ಖುಷಿ. ಮೆತ್ತಗೆ ಬೀಳಲಿ ಅಂತಲೇ ಕಂಪನಿಯವರು ಹಾಗೆ ಮಾಡಿದ್ದು, ಕೂತವರಿಗೆ ಗೇರ್ ಬಿದ್ದಿದ್ದು ತಿಳಿಯಬಾರದು ಅಂತ. ಸ್ವಲ್ಪ ಬಿಗಿ ಬೇಕೆನಿಸಿದರೆ ಟ್ರಾನ್ಸ್‌ಗೋ ಕಂಪನಿಯ, ಟರ್ಬೊ 350ರ 1-2 ಕಿಟ್ (ಸ್ಟೇಜ್ 1, 2 ಎರಡೂ ಇರುವುದು) ತರಿಸಿ, ಅದರಲ್ಲಿ ಸ್ಟೇಜ್ 1 ಮಾತ್ರ ಹಾಕಿಸಿ. ಸ್ಟೇಜ್ 2 ಜೋರಾಗಿ ಓಡಿಸುವವರಿಗೆ. ಊರೊಳಗಿನ ಹಂಪ್ ದಾಟಿ ಹೊರಡುವಾಗೆಲ್ಲ ಬೆನ್ನಿಗೆ ಗುದ್ದಿದ ಹಾಗಾದರೆ ಮನೆಯವರು ಕೂರುವುದಿಲ್ಲ. ಸ್ಟೇಜ್ 3 ಅಂತೂ ಬೇಡ, ಪ್ರತಿ ಗೇರನ್ನೂ ಕೈಯಲ್ಲೇ ಹಾಕಬೇಕಾಗುತ್ತದೆ.

ಬಾಕ್ಸ್ ಇಳಿಸುವುದು ಬೇಡ, ಪ್ಯಾನ್ ಬಿಚ್ಚಿದರೆ ಸಾಕು. ಪ್ಲೇಟಿನ ತೂತು ಕಿಟ್ ಜೊತೆಗಿನ ಹಾಳೆಯಲ್ಲಿ ಕೊಟ್ಟ ಅಳತೆಗಿಂತ ಕೂದಲೆಳೆಯಷ್ಟೂ ದೊಡ್ಡದಾಗಬಾರದು. ಕೊರೆದ ಮೇಲೆ ಮುಚ್ಚುವುದು ಕಷ್ಟ. ಒಳಗಿನ ಚಿಕ್ಕ ಗುಂಡುಗಳು ಉದುರುತ್ತವೆ, ಯಾವುದು ಎಲ್ಲಿತ್ತು ಅಂತ ಫೋಟೋ ತೆಗೆದುಕೊಳ್ಳಿ. ಅವನ್ನು ಕೂರಿಸಲು ವ್ಯಾಸಲೀನ್ ಹಚ್ಚಿಸಿ. ಅದು ಎಣ್ಣೆಯಲ್ಲಿ ಕರಗಿಹೋಗುತ್ತದೆ. ಬೇರಿಂಗ್ ಗ್ರೀಸ್ ಕರಗದೆ ದಾರಿ ಕಟ್ಟುತ್ತದೆ.

ಇನ್ನೊಂದು, ನಂದಿ ಇಳಿಯುವಾಗ ಲಿವರನ್ನು ಎರಡಕ್ಕೆ ಹಾಕಿಕೊಳ್ಳಿ. ನಾನು ದೇವರಾಯನದುರ್ಗ ಇಳಿಯುವುದು ಹಾಗೆಯೇ, ಬ್ರೇಕ್ ಬಿಸಿಯಾಗುವುದಿಲ್ಲ. ಕಿಟ್ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ.